ಚರ್ಮದ ಮೇಲೆ ಬಿಸಿಲಿನ ಬರಹ

ನಿಮ್ಮ ಕೈಗಡಿಯಾರವನ್ನು ಒಮ್ಮೆ ಬಿಚ್ಚಿ ನೋಡಿ. ಪಟ್ಟಿ ಇದ್ದ ಜಾಗ ತಿಳಿಯಾಗಿಯೂ ಅದರ ಅಕ್ಕಪಕ್ಕ ಕಪ್ಪಾಗಿಯೂ ಕಾಣುತ್ತದೆ. ಗಡಿಯಾರ ಕಟ್ಟುವ ಅಭ್ಯಾಸವಿಲ್ಲದವರು ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ, ತೋಳಿನ ಒಳಬದಿಯನ್ನು ಕೈಯ ಹಿಂಬದಿಯೊಂದಿಗೆ ಹೋಲಿಸಿ. ಇನ್ನು, ಹೊಲದಲ್ಲಿ ದುಡಿದ ಅಜ್ಜನೊಬ್ಬರು ಮನೆಯಲ್ಲಿದ್ದರೆ ಅವರ ಕತ್ತಿನ ಹಿಂಭಾಗವನ್ನೂ ಬೆನ್ನನ್ನೂ ಗಮನಿಸಿ. ಅಂಗಿಯ ಮರೆಯಲ್ಲಿದ್ದ ಬೆನ್ನು ಇನ್ನೂ ನುಣುಪಾಗಿರುತ್ತದೆ. ಕತ್ತು ಮಾತ್ರ ಬಿರುಕುಬಿಟ್ಟ ಕೆರೆಯಂಗಳದ ಹಾಗಿರುತ್ತದೆ. ಕತ್ತಿಗೆ ಎಪ್ಪತ್ತು ವರ್ಷವಾದರೆ ಬೆನ್ನಿಗೂ ಎಪ್ಪತ್ತೇ. ಚರ್ಮ ಕೆಡುವುದಕ್ಕೆ ವಯಸ್ಸೊಂದೇ ಕಾರಣವಾಗಿದ್ದರೆ ಎರಡೂ ಒಂದೇ ರೀತಿ ಕೆಡಬೇಕಾಗಿತ್ತು, ಅಲ್ಲವೆ?

ಶಾಲಾ ವಿದ್ಯಾರ್ಥಿಗೂ ಹೊಳೆಯಬಹುದಾದ ಈ ಪ್ರಶ್ನೆಗೆ ವೈದ್ಯಶಾಸ್ತ್ರ ಸರಿಯಾದ ಉತ್ತರ ಹೇಳಲು ಬಹಳ ಕಾಲ ಹಿಡಿಯಿತು. ಬಿಸಿಲಿನಿಂದ ಹಾಳಾದ ಚರ್ಮದ ಮೇಲೆ ಮೂಡುವ ಒರಟು ಕಲೆಗಳನ್ನು 20ನೆಯ ಶತಮಾನದ ಮಧ್ಯದವರೆಗೂ ವೈದ್ಯರು 'ಮುಪ್ಪಿನ ಕಲೆ' ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಿದ್ದರು. ಹೆಸರು ತಪ್ಪಾದರೆ ಏನು ನಷ್ಟ ಎಂದು ನೀವು ಕೇಳಬಹುದು. ಮುಪ್ಪನ್ನು ಯಾರೂ ತಡೆಯಲಾರರು, ಬಿಸಿಲನ್ನು ತಡೆಯಬಹುದು. ಹೆಸರು ಬದಲಾದಾಗ ಕಾಯಿಲೆಯ ಹಣೆಬರಹವೂ ಹೇಗೆ ಬದಲಾಯಿತು ಎಂಬುದೇ ಈ ಲೇಖನದ ಕಥೆ. ದೂರದರ್ಶನದ ಪರದೆಯ ಮೇಲೆ ಚಿತ್ರಗಳು ಕ್ಷಣಮಾತ್ರ ಬಂದು ಹೋಗುತ್ತವೆ. ಇಲ್ಲಿ ನಿಧಾನವಾಗಿ, ಒಂದೊಂದೇ ಹೆಜ್ಜೆ ಇಡುತ್ತಾ ನೋಡೋಣ.

ಶಾಖವೋ, ಬೆಳಕೋ?

ಬಿಸಿಲಿನಲ್ಲಿ ಚರ್ಮ ಸುಡುವುದು ಬಿಸಿಯಿಂದಲೇ ಎಂದು ಎಲ್ಲರೂ ನಂಬಿದ್ದ ಕಾಲವದು. ಲಂಡನ್ನಿನ ಶಸ್ತ್ರವೈದ್ಯ ಎವರಾರ್ಡ್ ಹೋಮ್ ಈ ನಂಬಿಕೆಯನ್ನು ಪರೀಕ್ಷಿಸಲು ತನ್ನ ಕೈಗಳನ್ನೇ ಬಳಸಿಕೊಂಡ. ಒಂದು ಕೈಗೆ ಕಪ್ಪು ಬಟ್ಟೆ ಹೊದಿಸಿ, ಇನ್ನೊಂದನ್ನು ಬರಿದಾಗಿ ಬಿಟ್ಟು, ಎರಡನ್ನೂ ಬಿಸಿಲಿಗೆ ಒಡ್ಡಿ ಕುಳಿತ. ಕಪ್ಪು ಬಟ್ಟೆ ಶಾಖವನ್ನು ಹೀರುತ್ತದೆ ಎಂದು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಹಾಗೆಯೇ ಆಯಿತು, ಬಟ್ಟೆಯ ಕೆಳಗಿನ ಕೈ ಹೆಚ್ಚು ಬಿಸಿಯಾಯಿತು. ಆದರೆ ಸುಟ್ಟದ್ದು ಬರಿಗೈ! 1821ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಎರಡು ಸಂಗತಿಗಳು ತಿಳಿದವು. ಚರ್ಮವನ್ನು ಸುಡುವುದು ಶಾಖವಲ್ಲ, ಬೆಳಕಿನಲ್ಲಿರುವ ಬೇರಾವುದೋ ಅಂಶ. ಕಪ್ಪು ಬಣ್ಣ ಅದನ್ನು ತಡೆಯಬಲ್ಲದು.

ಆ 'ಬೇರಾವುದೋ ಅಂಶ' ಅಷ್ಟರಲ್ಲಾಗಲೇ ಪತ್ತೆಯಾಗಿತ್ತು. 1801ರಲ್ಲಿ ಜರ್ಮನಿಯ ಯೇನಾ ನಗರದಲ್ಲಿ ಯೋಹಾನ್ ರಿಟ್ಟರ್ ಎಂಬ ವಿಜ್ಞಾನಿ ಬಿಸಿಲನ್ನು ಪಟ್ಟಕದ ಮೂಲಕ ಏಳು ಬಣ್ಣಗಳಾಗಿ ಒಡೆದು, ಬೆಳಕಿಗೆ ಕಪ್ಪಾಗುವ ಸಿಲ್ವರ್ ಕ್ಲೋರೈಡನ್ನು ಒಂದೊಂದು ಬಣ್ಣದಲ್ಲೂ ಇಟ್ಟು ನೋಡಿದ್ದ. ನೇರಳೆಯ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಇವೇ ಅತಿನೇರಳೆ ಕಿರಣಗಳು. ಇವಕ್ಕೂ ಚರ್ಮಕ್ಕೂ ಗಂಟು ಹಾಕಲು ಇನ್ನೂ 88 ವರ್ಷ ಬೇಕಾಯಿತು. 1889ರಲ್ಲಿ ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್, ವಿದ್ಯುತ್ ದೀಪದ ಬೆಳಕಿನಿಂದ ಬೇರೆ ಬೇರೆ ಕಿರಣಗಳನ್ನು ಸೋಸಿ ತೆಗೆದು, ಚರ್ಮವನ್ನು ಕೆಂಪಾಗಿಸುವುದು ಅತಿನೇರಳೆ ಕಿರಣಗಳೇ ಎಂದು ತೋರಿಸಿದ.

ನಾವಿಕರು ಮತ್ತು ದ್ರಾಕ್ಷಿ ತೋಟದ ಕೂಲಿಗಳು

ಒಂದು ದಿನ ಸುಟ್ಟು ಸಿಪ್ಪೆ ಎದ್ದ ಚರ್ಮ ವಾರದಲ್ಲಿ ಮಾಯುತ್ತದೆ. ಆದರೆ ಇಪ್ಪತ್ತು, ಮೂವತ್ತು ವರ್ಷ ದಿನವೂ ಬಿಸಿಲು ತಿಂದ ಚರ್ಮದ ಗತಿ ಏನು? ಇದಕ್ಕೆ ಉತ್ತರ ಪ್ರಯೋಗಶಾಲೆಯಿಂದ ಬರಲಿಲ್ಲ, ದುಡಿಯುವ ಜನರಿಂದ ಬಂತು.

ಜರ್ಮನಿಯ ಹ್ಯಾಂಬರ್ಗ್ ದೊಡ್ಡ ಬಂದರು. ಅಲ್ಲಿ ಚರ್ಮರೋಗಗಳಿಗೆ ಚಿಕಿತ್ಸೆ ಮಾಡುತ್ತಿದ್ದ ಪಾಲ್ ಗೆರ್ಸನ್ ಉನ್ನಾ ಅವರು ನಾವಿಕರ ಮುಖ, ಕತ್ತು ಮತ್ತು ಕೈಗಳ ಚರ್ಮ ದಪ್ಪಗಟ್ಟಿ, ಬಣ್ಣಗೆಟ್ಟು, ಅಲ್ಲಲ್ಲಿ ಒರಟು ಕಲೆಗಳಾಗಿ, ಕೆಲವರಲ್ಲಿ ಕ್ಯಾನ್ಸರ್ ಆಗಿ ಬೆಳೆಯುವುದನ್ನು ಗಮನಿಸಿದರು. 1894ರ ತಮ್ಮ ಗ್ರಂಥದಲ್ಲಿ ಇದಕ್ಕೆ 'ನಾವಿಕನ ಚರ್ಮ' ಎಂದೇ ಹೆಸರಿಟ್ಟರು. ಎರಡು ವರ್ಷಗಳ ಅನಂತರ, 1896ರಲ್ಲಿ, ಫ್ರಾನ್ಸಿನ ಬೋರ್ಡೋ ನಗರದ ವಿಲಿಯಂ ದ್ಯುಬ್ರೈ ಈ ಒರಟು ಕಲೆಗಳನ್ನು ವಿವರವಾಗಿ ವರ್ಣಿಸಿದರು. ಬೋರ್ಡೋ ದ್ರಾಕ್ಷಿ ತೋಟಗಳ ನಾಡು. ಇಂತಹ ಕಲೆಗಳೂ ಚರ್ಮದ ಕ್ಯಾನ್ಸರೂ ಪಟ್ಟಣದವರಿಗಿಂತ ಬಯಲಲ್ಲಿ ದುಡಿಯುವ ಹಳ್ಳಿಗರಲ್ಲಿ ಹೆಚ್ಚು ಎಂಬುದನ್ನು ಕಂಡು, ಮುಂದೆ 1907ರಲ್ಲಿ ಅವರು ಬಿಸಿಲನ್ನೇ ನೇರವಾಗಿ ಬೊಟ್ಟುಮಾಡಿ ತೋರಿಸಿದರು.

ಇಲ್ಲಿ ಒಂದು ಮಾತನ್ನು ನೀವು ಗಮನಿಸಬೇಕು. ಈ ಇಬ್ಬರು ವೈದ್ಯರ ಮುಂದೆ ಇದ್ದದ್ದು ಎರಡೇ ಸರಳ ಪ್ರಶ್ನೆಗಳು: ಕಲೆ ದೇಹದ ಯಾವ ಭಾಗದಲ್ಲಿದೆ? ರೋಗಿ ಏನು ಕೆಲಸ ಮಾಡುತ್ತಾನೆ? ಇವಕ್ಕೆ ಯಂತ್ರ ಬೇಕಿಲ್ಲ, ಹಣ ಬೇಕಿಲ್ಲ. ಇಂದಿಗೂ ಒಳ್ಳೆಯ ಚರ್ಮವೈದ್ಯರು ಮೊದಲು ಕೇಳುವುದು ಇವನ್ನೇ.

ಬಿಸಿಲಿಗೆ ಬಂದ ಕೀರ್ತಿ

ಇಷ್ಟು ತಿಳಿದ ಮೇಲೆ ಜನ ಎಚ್ಚೆತ್ತುಕೊಳ್ಳಬೇಕಿತ್ತು. ಆದದ್ದು ಬೇರೆ. ಅದೇ ವರ್ಷಗಳಲ್ಲಿ ಬಿಸಿಲು ಔಷಧಿಯಾಗಿ ಹೆಸರು ಮಾಡಿತು. ಡೆನ್ಮಾರ್ಕಿನ ನೀಲ್ಸ್ ಫಿನ್‌ಸೆನ್ ಚರ್ಮದ ಕ್ಷಯವನ್ನು ಬೆಳಕಿನ ಕಿರಣಗಳಿಂದ ಗುಣಪಡಿಸಿ 1903ರಲ್ಲಿ ನೊಬೆಲ್ ಬಹುಮಾನ ಪಡೆದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಲೇಸಿನ್‌ನಲ್ಲಿ ಡಾ. ರೋಲಿಯೇ ಬಿಸಿಲು ಚಿಕಿತ್ಸೆಯ ಆಸ್ಪತ್ರೆ ತೆರೆದರು. 1919ರಲ್ಲಿ ಬರ್ಲಿನ್ನಿನ ಹುಲ್ಡ್‌ಶಿನ್‌ಸ್ಕಿ ಅತಿನೇರಳೆ ದೀಪದಿಂದ ಮಕ್ಕಳ ಮೂಳೆಮೆತುವು ರೋಗವನ್ನು ವಾಸಿಮಾಡಿದರು. ಇವೆಲ್ಲ ನಿಜವಾದ ಸಾಧನೆಗಳೇ. ಬಿಸಿಲಿನಿಂದ ಚರ್ಮದಲ್ಲಿ ಡಿ ಜೀವಸತ್ವ ತಯಾರಾಗುತ್ತದೆ ಎಂಬುದು ಇಂದು ನಿಮಗೂ ತಿಳಿದ ವಿಷಯ. ಆದರೆ 'ಸ್ವಲ್ಪ ಒಳ್ಳೆಯದು' ಎಂಬ ಮಾತು ಯೂರೋಪಿನ ಬಿಳಿಯ ಜನರ ಬಾಯಲ್ಲಿ 'ಎಷ್ಟಾದರೂ ಒಳ್ಳೆಯದು' ಎಂದಾಯಿತು. ಸಮುದ್ರ ತೀರದಲ್ಲಿ ಮಲಗಿ ಮೈ ಕಂದಿಸಿಕೊಳ್ಳುವುದು ಸೊಬಗಿನ ಲಕ್ಷಣವಾಯಿತು. ನಾವಿಕರ ಮತ್ತು ಕೂಲಿಗಳ ಕಥೆ ವೈದ್ಯರ ಪುಸ್ತಕಗಳಲ್ಲೇ ಉಳಿಯಿತು.

ಸಾಕ್ಷ್ಯ ಮಾತ್ರ ಬೆಳೆಯುತ್ತಲೇ ಹೋಯಿತು. 1928ರಲ್ಲಿ ಬ್ರಿಟನ್ನಿನ ಫಿಂಡ್ಲೇ ಅತಿನೇರಳೆ ದೀಪದ ಬೆಳಕಿನಿಂದ ಇಲಿಗಳ ಚರ್ಮದಲ್ಲಿ ಕ್ಯಾನ್ಸರ್ ಬರುವುದನ್ನು ತೋರಿಸಿದರು. 1930ರ ದಶಕದಲ್ಲಿ ಅರ್ಜೆಂಟೀನಾದ ಆಂಖೆಲ್ ರೋಫೋ ದೀಪವನ್ನೂ ಬಿಟ್ಟು ಬರಿಯ ಬಿಸಿಲನ್ನೇ ಬಳಸಿದರು, ಫಲಿತಾಂಶ ಅದೇ. ನಡುವೆ ಕಿಟಕಿಯ ಗಾಜು ಇಟ್ಟಾಗ ಇಲಿಗಳು ಪಾರಾದವು.

ಎರಡು ಕಲೆ, ಎರಡು ಜಾತಿ

ಈಗ ಗುರುತಿಸುವ ವಿಷಯಕ್ಕೆ ಬರೋಣ. ವಯಸ್ಸಾದವರ ಮೈಮೇಲೆ ಕಲೆಗಳು ಹಲವು. ಎಲ್ಲವೂ ಅಪಾಯದವಲ್ಲ. 1926ರಲ್ಲಿ ಬ್ರೆಸ್ಲಾವ್ ನಗರದ ವಾಲ್ಟರ್ ಫ್ರಾಯ್ಡೆಂಟಾಲ್ ಸೂಕ್ಷ್ಮದರ್ಶಕದ ಕೆಳಗೆ ಈ ಕಲೆಗಳನ್ನು ಇಟ್ಟು, ಅಲ್ಲಿಯವರೆಗೆ ಒಂದರೊಡನೊಂದು ಬೆರೆತುಹೋಗಿದ್ದ ಎರಡು ಜಾತಿಗಳನ್ನು ಬೇರ್ಪಡಿಸಿದರು. ಒಂದು, ಅಂಟಿಸಿದ ಮೇಣದ ಬಿಲ್ಲೆಯಂತೆ ಉಬ್ಬಿರುವ ಕಂದು ಅಥವಾ ಕಪ್ಪು ಗಂಟು, ಇದು ನಿರಪಾಯ. ಇನ್ನೊಂದು ಒರಟಾದ, ಒಣಗಿದ ಕಲೆ. ಇದರಲ್ಲಿ ಹೊರಚರ್ಮದ ಜೀವಕೋಶಗಳು ಶಿಸ್ತು ತಪ್ಪಿ, ಆಕಾರಗೆಟ್ಟು ಜೋಡಣೆಯಾಗಿರುತ್ತವೆ. ಕ್ಯಾನ್ಸರಿನ ದಾರಿಯಲ್ಲಿ ಇಟ್ಟ ಮೊದಲ ಹೆಜ್ಜೆ ಇದು.

ಆದರೆ ಫ್ರಾಯ್ಡೆಂಟಾಲರ ಕಾಲದಲ್ಲೂ ಎರಡನೆಯ ಕಲೆಯ ಹೆಸರಿಗೆ 'ಮುಪ್ಪಿನ' ಎಂಬ ವಿಶೇಷಣ ಅಂಟಿಕೊಂಡೇ ಇತ್ತು. 1958ರಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಹರ್ಮನ್ ಪಿಂಕಸ್ 'ಆಕ್ಟಿನಿಕ್ ಕೆರಟೋಸಿಸ್' ಎಂಬ ಹೆಸರನ್ನು ಬಳಕೆಗೆ ತಂದರು. ಗ್ರೀಕ್ ಭಾಷೆಯಲ್ಲಿ 'ಆಕ್ಟಿಸ್' ಎಂದರೆ ಕಿರಣ. ಕನ್ನಡದಲ್ಲಿ ಇದನ್ನು 'ಬಿಸಿಲುಗಲೆ' ಎಂದು ಕರೆಯೋಣ. ಹೀಗೆ ಅಪರಾಧಿ ಮುಪ್ಪಲ್ಲ, ಸೂರ್ಯ ಎಂದು ಹೆಸರಿನಲ್ಲೇ ದಾಖಲಾಯಿತು.

ಬಿಸಿಲುಗಲೆಯ ಲಕ್ಷಣಗಳೇನು? ಅದು ಮೂಡುವುದು ಹಣೆ, ಮೂಗು, ಕಿವಿಯ ಅಂಚು, ಬೋಳುತಲೆ, ಕತ್ತು, ಮುಂಗೈ ಮತ್ತು ಕೈಯ ಹಿಂಬದಿಯಲ್ಲಿ. ಅಗಲ ಸಾಮಾನ್ಯವಾಗಿ ಕೆಲವು ಮಿಲಿಮೀಟರಿನಿಂದ ಒಂದೆರಡು ಸೆಂಟಿಮೀಟರ್. ಬಣ್ಣ ಕೆಂಪು, ಕಂದು ಅಥವಾ ಚರ್ಮದ ಬಣ್ಣವೇ. ಆದ್ದರಿಂದ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಮುಟ್ಟಿದರೆ ಬಡಗಿಯ ಉಪ್ಪು ಕಾಗದದಂತೆ ತರಿತರಿ. ಮೇಲಿನ ಹೊಟ್ಟನ್ನು ಕಿತ್ತರೆ ಸ್ವಲ್ಪ ದಿನದಲ್ಲಿ ಮತ್ತೆ ಕಟ್ಟುತ್ತದೆ. ಕೆಳತುಟಿ ಬಹುಕಾಲ ಒಣಗಿ, ಬಿಳಿಚಿಕೊಂಡು, ಅಂಚು ಮಸುಕಾಗಿದ್ದರೆ ಅದೂ ಇದೇ ವರ್ಗಕ್ಕೆ ಸೇರಿರಬಹುದು.

ಹೆದರುವ ಅಗತ್ಯವಿಲ್ಲ. ಆಸ್ಟ್ರೇಲಿಯಾದಲ್ಲಿ ನಡೆದು 1988ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ಬಿಸಿಲುಗಲೆ ಒಂದು ವರ್ಷದೊಳಗೆ ಕ್ಯಾನ್ಸರ್ ಆಗುವ ಸಾಧ್ಯತೆ ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೆ ಹತ್ತಾರು ಕಲೆಗಳು ಹತ್ತಾರು ವರ್ಷ ಇದ್ದರೆ ಲೆಕ್ಕ ಬೇರೆಯಾಗುತ್ತದೆ. ಕಲೆ ದಪ್ಪವಾಗುವುದು, ಮುಟ್ಟಿದರೆ ನೋಯುವುದು, ರಕ್ತ ಜಿನುಗುವುದು, ಹುಣ್ಣಾಗಿ ವಾರಗಟ್ಟಲೆ ಮಾಯದಿರುವುದು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅನುಮಾನವಿದ್ದರೆ ಅವರು ಚೂರು ಚರ್ಮ ತೆಗೆದು ಬಯಾಪ್ಸಿ ಪರೀಕ್ಷೆಗೆ ಕಳಿಸುತ್ತಾರೆ.

ಅಂಗೈ ಹೇಳಿದ ಬೇರೆ ಕಥೆ

ಕಲೆ ಇರುವ ಜಾಗ ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವಿದೆ. ಒರಟು ಕಲೆಗಳು ಬಿಸಿಲು ಬೀಳದ ಅಂಗೈ ಮತ್ತು ಅಂಗಾಲಿನಲ್ಲಿ ಎದ್ದರೆ? 1888ರಲ್ಲಿ ಲಂಡನ್ನಿನ ಜೊನಾಥನ್ ಹಚಿನ್ಸನ್, ಔಷಧಿಯಾಗಿ ದೀರ್ಘಕಾಲ ಆರ್ಸೆನಿಕ್ ಸೇವಿಸಿದವರಲ್ಲಿ ಇಂತಹ ಗಂಟುಗಳನ್ನೂ ಅವು ಕ್ಯಾನ್ಸರ್ ಆಗುವುದನ್ನೂ ವರ್ಣಿಸಿದ್ದರು. ಸುಮಾರು ಒಂದು ಶತಮಾನದ ಅನಂತರ, 1983ರ ಹೊತ್ತಿಗೆ, ಕಲ್ಕತ್ತಾದ ಚರ್ಮವೈದ್ಯ ಕೆ. ಸಿ. ಸಾಹಾ ಪಶ್ಚಿಮ ಬಂಗಾಳದ ಹಳ್ಳಿಗರ ಅಂಗೈಗಳಲ್ಲಿ ಇದೇ ಗುರುತನ್ನು ಕಂಡರು. ವಿಷ ಇದ್ದದ್ದು ಕುಡಿಯುವ ಕೊಳವೆಬಾವಿ ನೀರಿನಲ್ಲಿ. ನಮ್ಮ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲೂ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮ ಕೆಟ್ಟದ್ದನ್ನು 2013ರಲ್ಲಿ ಪ್ರಕಟವಾದ ಅಧ್ಯಯನ ವರದಿ ಮಾಡಿತು. ಕೈಯ ಹಿಂಬದಿಯ ಕಲೆ ಬಿಸಿಲಿನತ್ತ, ಅಂಗೈಯ ಕಲೆ ನೀರಿನತ್ತ ಬೆರಳು ತೋರಿಸುತ್ತದೆ. ಒಂದೇ ಕೈಯ ಎರಡು ಬದಿ, ಎರಡು ಬೇರೆ ಕಾರಣ.

ಹೆಪ್ಪುಗಟ್ಟಿಸುವ ದ್ರವ, ಆಯ್ದು ಸುಡುವ ಮುಲಾಮು

ಗುರುತಿಸಿದ ಮೇಲೆ ಚಿಕಿತ್ಸೆ. ಹಿಂದೆ ಇದ್ದದ್ದು ಕೆರೆದು ತೆಗೆಯುವುದು ಅಥವಾ ಸುಡುವುದು. 1899ರಲ್ಲಿ ನ್ಯೂಯಾರ್ಕಿನ ಕ್ಯಾಂಪ್‌ಬೆಲ್ ವೈಟ್ ದ್ರವರೂಪದ ಗಾಳಿಯಿಂದ ನರುಲಿ ಮುಂತಾದವನ್ನು ಹೆಪ್ಪುಗಟ್ಟಿಸಿ ಉದುರಿಸಿದರು. 1950ರಲ್ಲಿ ಅಮೆರಿಕದ ಅಲಿಂಗ್ಟನ್ ಹತ್ತಿ ಸುತ್ತಿದ ಕಡ್ಡಿಯನ್ನು ದ್ರವ ಸಾರಜನಕದಲ್ಲಿ ಅದ್ದಿ ಚರ್ಮದ ಕಲೆಗಳಿಗೆ ಮುಟ್ಟಿಸುವ ಕ್ರಮ ಪ್ರಕಟಿಸಿದರು. ದ್ರವ ಸಾರಜನಕದ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ! ಕೆಲವೇ ಸೆಕೆಂಡು ತಾಗಿಸಿದರೆ ಕೆಟ್ಟ ಕೋಶಗಳೊಳಗಿನ ನೀರು ಹೆಪ್ಪುಗಟ್ಟಿ ಅವು ಸಾಯುತ್ತವೆ. ಬೊಬ್ಬೆ ಎದ್ದು, ಒಣಗಿ, ಕಳಚಿ ಬೀಳುತ್ತದೆ. ಬೆರಳೆಣಿಕೆಯ ಕಲೆಗಳಿದ್ದರೆ ಇಂದಿಗೂ ವೈದ್ಯರು ಹೆಚ್ಚಾಗಿ ಆರಿಸಿಕೊಳ್ಳುವುದು ಇದನ್ನೇ.

ಮುಲಾಮಿನ ಕಥೆ ಇನ್ನೂ ಸ್ವಾರಸ್ಯ. 1957ರಲ್ಲಿ ಅಮೆರಿಕದ ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತು ಸಂಗಡಿಗರು 5-ಫ್ಲೂರೋಯುರಾಸಿಲ್ ಎಂಬ ಕ್ಯಾನ್ಸರ್ ಔಷಧಿಯನ್ನು ರೂಪಿಸಿದರು. ಇದನ್ನು ಬೇರೆ ಕ್ಯಾನ್ಸರುಗಳಿಗಾಗಿ ರೋಗಿಗಳ ದೇಹದೊಳಗೆ ಕೊಡುತ್ತಿದ್ದಾಗ, ಅವರ ಮುಖ ಮತ್ತು ಕೈಗಳ ಬಿಸಿಲುಗಲೆಗಳು ಮಾತ್ರ ಕೆಂಪಾಗಿ ಉರಿದು ಆಮೇಲೆ ಮಾಯವಾದವು! ದಕ್ಷಿಣ ಆಫ್ರಿಕಾದ ಫಾಲ್ಕ್‌ಸನ್ ಮತ್ತು ಶುಲ್ಟ್ಸ್ ಇದನ್ನು 1962ರಲ್ಲಿ ವರದಿ ಮಾಡಿದರು. ಮರುವರ್ಷವೇ ಅಮೆರಿಕದಲ್ಲಿ ಇದನ್ನು ಮುಲಾಮಾಗಿ ಹಚ್ಚಿ ನೋಡಲಾಯಿತು. ಶಿಸ್ತುಗೆಟ್ಟು ಬೇಗ ಬೇಗ ವಿಭಜಿಸುವ ಕೋಶಗಳನ್ನೇ ಈ ಔಷಧಿ ಆಯ್ದು ಕೊಲ್ಲುತ್ತದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಚ್ಚಬೇಕಾಗುತ್ತದೆ. ಆಗ ಚರ್ಮ ಕೆಂಪಾಗಿ ಉರಿಯುವುದು ಔಷಧಿ ಕೆಲಸ ಮಾಡುತ್ತಿರುವ ಗುರುತು. ಇದು ಗೊತ್ತಿಲ್ಲದೆ ಹೆದರಿ ನಡುವೆಯೇ ಬಿಡುವವರಿದ್ದಾರೆ. ಆದ್ದರಿಂದ ವೈದ್ಯರ ಮೇಲ್ವಿಚಾರಣೆಯಲ್ಲೇ ಬಳಸಬೇಕು. ಇನ್ನೊಂದು ವಿಧಾನದಲ್ಲಿ ಬೆಳಕನ್ನೇ ಮದ್ದಾಗಿಸುತ್ತಾರೆ. ಕಲೆಯ ಮೇಲೆ ಒಂದು ರಾಸಾಯನಿಕ ಹಚ್ಚಿ, ನಿಗದಿತ ಬಣ್ಣದ ದೀಪ ಬಿಟ್ಟು, ಕೆಟ್ಟ ಕೋಶಗಳನ್ನು ನಾಶಮಾಡುವ ಈ ಚಿಕಿತ್ಸೆಗೆ ಅಮೆರಿಕ 1999ರಲ್ಲಿ ಅನುಮತಿ ನೀಡಿತು.

ಚರ್ಮಕ್ಕೆ ಲೆಕ್ಕ ನೆನಪಿರುವುದೇಕೆ?

ಎಳೆಯ ವಯಸ್ಸಿನ ಬಿಸಿಲು ಮುಪ್ಪಿನಲ್ಲಿ ಕಲೆಯಾಗುವುದೇಕೆ? ಅತಿನೇರಳೆ ಕಿರಣ ಜೀವಕೋಶದ ಡಿಎನ್‌ಎಯಲ್ಲಿ ಅಕ್ಕಪಕ್ಕದ ಎರಡು ಥೈಮಿನ್ ಅಣುಗಳನ್ನು ಒಂದಕ್ಕೊಂದು ಬೆಸೆಯಬಲ್ಲದು ಎಂದು 1960ರಲ್ಲಿ ನೆದರ್ಲೆಂಡ್ಸಿನ ಬ್ಯೂಕರ್ಸ್ ಮತ್ತು ಬೆರೆಂಡ್ಸ್ ತೋರಿಸಿದರು. ಪುಸ್ತಕದ ಎರಡು ಅಕ್ಷರ ಅಂಟಿಕೊಂಡರೆ ಓದು ತಪ್ಪುವಂತೆ ಇಲ್ಲೂ ತಪ್ಪಾಗುತ್ತದೆ. ಕೋಶ ಇದನ್ನು ದಿನವೂ ದುರಸ್ತಿ ಮಾಡಿಕೊಳ್ಳುತ್ತದೆ. ಹುಟ್ಟಿನಿಂದಲೇ ಈ ದುರಸ್ತಿಯ ಶಕ್ತಿ ಕುಂದಿರುವ, ಬಿಸಿಲನ್ನು ಸ್ವಲ್ಪವೂ ತಾಳದ ಮಕ್ಕಳ ಕಾಯಿಲೆಯನ್ನು ವಿಯೆನ್ನಾದ ಮೋರಿಟ್ಸ್ ಕಪೋಸಿ 1870ರ ದಶಕದಲ್ಲೇ ವರ್ಣಿಸಿದ್ದರು. ಅದರ ಕಾರಣ ದುರಸ್ತಿಯ ದೋಷವೆಂದು 1968ರಲ್ಲಿ ಜೇಮ್ಸ್ ಕ್ಲೀವರ್ ಕಂಡುಹಿಡಿದರು. ದುರಸ್ತಿ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಬಂತು. ನಮ್ಮ ನಿಮ್ಮಂತಹವರಲ್ಲೂ ದುರಸ್ತಿ ತಪ್ಪಿದ ಒಂದೊಂದು ಅಕ್ಷರ ಉಳಿದು, ವರ್ಷವರ್ಷವೂ ಕೂಡುತ್ತಾ ಹೋಗುತ್ತದೆ.

ತಡೆಯಬಹುದು ಎಂಬುದಕ್ಕೆ ಪುರಾವೆ

ಬಿಳಿಯ ಚರ್ಮದವರು ಉರಿಬಿಸಿಲಿನ ನಾಡಿಗೆ ಹೋಗಿ ನೆಲೆಸಿದರೆ ಏನಾಗುತ್ತದೆ ಎಂಬುದನ್ನು ಆಸ್ಟ್ರೇಲಿಯಾ ಅನುಭವಿಸಿ ತಿಳಿಯಿತು. 1981ರಲ್ಲಿ ಅಲ್ಲಿ ಅಂಗಿ ತೊಡಿ, ಲೇಪ ಹಚ್ಚಿ, ಟೋಪಿ ಹಾಕಿ ಎಂದು ದೂರದರ್ಶನದ ಮೂಲಕ ದೊಡ್ಡ ಪ್ರಚಾರ ಆರಂಭವಾಯಿತು. ವಿಕ್ಟೋರಿಯಾ ರಾಜ್ಯದಲ್ಲಿ ನಲವತ್ತು ದಾಟಿದ 588 ಮಂದಿಯ ಮೇಲೆ ಒಂದು ಬೇಸಿಗೆಯ ಅವಧಿ ನಡೆದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಬಿಸಿಲು ತಡೆಯುವ ಲೇಪ ಹಚ್ಚಿಕೊಂಡವರಲ್ಲಿ ಬಿಸಿಲುಗಲೆಗಳ ಸರಾಸರಿ ಸಂಖ್ಯೆ ಇಳಿಯಿತು. ಔಷಧಿಯಿಲ್ಲದ ಬರಿಯ ಲೇಪ ಹಚ್ಚಿಕೊಂಡವರಲ್ಲಿ ಏರಿತು. ಕ್ವೀನ್ಸ್‌ಲೆಂಡಿನ ನ್ಯಾಂಬರ್ ಪಟ್ಟಣದಲ್ಲಿ 1992ರಿಂದ 1996ರವರೆಗೆ ನಡೆದ ಇನ್ನೊಂದು ಅಧ್ಯಯನದಲ್ಲಿ, ದಿನವೂ ಲೇಪ ಹಚ್ಚಿದವರಲ್ಲಿ ಈ ಕಲೆಗಳಿಂದ ಹುಟ್ಟುವ ಬಗೆಯ ಕ್ಯಾನ್ಸರ್ ಗಡ್ಡೆಗಳು ಸುಮಾರು 40 ಶೇಕಡಾ ಕಡಿಮೆಯಾದವು. 'ಮುಪ್ಪಿನ ಕಲೆ' ಎಂಬ ಹಳೆಯ ಹೆಸರು ಉಳಿದಿದ್ದರೆ ಇಂತಹ ಪರೀಕ್ಷೆ ನಡೆಸಬೇಕೆಂದು ಯಾರಿಗಾದರೂ ತೋಚುತ್ತಿತ್ತೆ?

ನಮ್ಮ ಮನೆಯಲ್ಲಿ, ನಮ್ಮ ತರಗತಿಯಲ್ಲಿ

ನಮ್ಮ ಕಂದು ಚರ್ಮದ ಮೆಲನಿನ್, ಎವರಾರ್ಡ್ ಹೋಮ್‌ನ ಕಪ್ಪು ಬಟ್ಟೆಯಂತೆ ನಮ್ಮನ್ನು ಬಹಳಮಟ್ಟಿಗೆ ಕಾಯುತ್ತದೆ. ಹೀಗಾಗಿ ಬಿಸಿಲುಗಲೆ ನಮ್ಮಲ್ಲಿ ವಿರಳ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ಬಂಗು. ಕೆನ್ನೆ, ಹಣೆಗಳಲ್ಲಿ ಹರಡುವ ಈ ಕಂದು ಕಲೆ ಮುಟ್ಟಲು ನುಣುಪು, ಕ್ಯಾನ್ಸರ್ ಆಗುವಂತಹುದಲ್ಲ. ಬಸಿರು, ಹಾರ್ಮೋನುಗಳು, ವಂಶದ ಗುಣ ಇದಕ್ಕೆ ಕಾರಣವಾದರೂ ಬಿಸಿಲು ಇದನ್ನು ಹೆಚ್ಚಿಸುತ್ತದೆ. ಇದಕ್ಕೆಂದು ಅಂಗಡಿಯವರು ಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿ, ಚರ್ಮ ತೆಳುವಾಗಿ, ಮುಖ ಕೆಂಪೇರಿ, ಮೊಡವೆ ಕೂದಲುಗಳೆದ್ದು ಪರಿತಪಿಸುವವರು ಅನೇಕ. ಈ ಕಾರಣದಿಂದಲೇ 2018ರಲ್ಲಿ ಕೇಂದ್ರ ಸರ್ಕಾರ ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು.

ನಿಜವಾದ ಅಪಾಯ ಇರುವುದು ಹುಟ್ಟಿನಿಂದಲೇ ಮೆಲನಿನ್ ಇಲ್ಲದೆ, ಕೂದಲೂ ಚರ್ಮವೂ ಬೆಳ್ಳಗಿರುವ ಆಲ್ಬಿನಿಸಂ ಇರುವವರಿಗೆ. ಅವರಿಗೆ ಎಳೆಯ ವಯಸ್ಸಿನಲ್ಲೇ ಬಿಸಿಲುಗಲೆಗಳೂ ಕ್ಯಾನ್ಸರೂ ಬರಬಹುದು. ನಿಮ್ಮ ತರಗತಿಯಲ್ಲಿ ಅಂತಹ ಗೆಳೆಯನೋ ಗೆಳತಿಯೋ ಇದ್ದರೆ, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ, ಆಟದ ಅವಧಿಯಲ್ಲಿ ಅವರನ್ನು ನೆರಳಿನಲ್ಲಿ ನಿಲ್ಲಿಸುವಂತೆ ನಿಮ್ಮ ಮೇಷ್ಟರಿಗೆ ಹೇಳಿ. ಸಮವಸ್ತ್ರದ ನಿಯಮ ಏನೇ ಇರಲಿ, ಅವರಿಗೆ ತುಂಬು ತೋಳಿನ ಅಂಗಿಯೂ ಅಗಲ ಅಂಚಿನ ಟೋಪಿಯೂ ಬೇಕು. ಇದು ಅವರ ಮೇಲಿನ ಕನಿಕರವಲ್ಲ, ಚಿಕಿತ್ಸೆಯ ಮೊದಲ ಭಾಗ.

ದುಡಿಯುವ ಹಿರಿಯರ ವಿಷಯವೂ ಅಷ್ಟೆ. ಕರಾವಳಿಯ ಹಾಳೆಯ ಮುಟ್ಟಾಳೆ ನೆತ್ತಿಯನ್ನು ಕಾಯುತ್ತದೆ. ಆದರೆ ಅದಕ್ಕೆ ಅಂಚಿಲ್ಲದ್ದರಿಂದ ಕಿವಿ, ಮೂಗು, ಕತ್ತು ಬಯಲಲ್ಲೇ ಉಳಿಯುತ್ತವೆ. ತಲೆಯಿಂದ ಕತ್ತಿನವರೆಗೆ ಇಳಿಬಿಟ್ಟ ಒಂದು ಟವೆಲು, ನಡುಹಗಲಿನ ಕೆಲಸವನ್ನು ಬೆಳಗಿಗೋ ಸಂಜೆಗೋ ಸರಿಸುವುದು, ಇವು ಕಾಸಿಲ್ಲದ ಉಪಾಯಗಳು.

ಈ ಭಾನುವಾರ ಒಂದು ಕೆಲಸ ಮಾಡಿ. ಅಜ್ಜ ಅಜ್ಜಿಯರನ್ನು ಬೆಳಕಿಗೆ ಕೂರಿಸಿ, ಕಿವಿಯ ಅಂಚು, ಮೂಗು, ಕೆಳತುಟಿ, ಕೈಯ ಹಿಂಬದಿ ಇವನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ಅಂಗೈಯನ್ನೂ ತಿರುಗಿಸಿ ನೋಡಲು ಮರೆಯದಿರಿ. ತಿಂಗಳಾದರೂ ಹೋಗದ ತರಿ, ಮಾಯದ ಹುಣ್ಣು ಕಂಡರೆ ಉಗುರಿನಿಂದ ಕೆರೆಯಬೇಡಿ, ಸುಣ್ಣ ಹಚ್ಚಬೇಡಿ, ಸಿಕ್ಕ ಮುಲಾಮು ಬಳಿಯಬೇಡಿ. ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ. 'ವಯಸ್ಸಾಯಿತಲ್ಲ ಮಗಾ, ಇದೆಲ್ಲ ಇದ್ದದ್ದೇ' ಎಂದು ಅವರು ಅಂದರೆ, ಅವರ ಬೆನ್ನಿಗೂ ಅಷ್ಟೇ ವಯಸ್ಸಾಗಿದೆ ಎಂಬುದನ್ನು ನೀವು ನೆನಪಿಸಬಹುದು.